ಕೈ, ಕಿವಿ, ಆಮೇಲೆ ಅಕ್ಷರ: ಕಥೋಲಿಕ ಶಾಲೆಯ ಎಲ್‌ಕೆಜಿ ಕೋಣೆಯಿಂದ

(ಧಾರವಾಡದಲ್ಲಿ ಎಲ್‌ಕೆಜಿ, ಯುಕೆಜಿ ಮಕ್ಕಳ ಪಾಲಕರ ಮುಂದೆ ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೂನ್ ಮೊದಲ ವಾರ ನಮ್ಮ ಎಲ್‌ಕೆಜಿ ಕೋಣೆಗೆ ಬಂದರೆ, ನಾನು ಎಡಗೈಯಿಂದ ಶಿಲುಬೆಯ ಗುರುತು ಹಾಕುತ್ತಿರುವುದು ನಿಮಗೆ ಕಾಣುತ್ತದೆ. ಹೋದ ವರ್ಷ ಮೊಮ್ಮಗನನ್ನು ಬಿಡಲು ಬಂದ ಅಜ್ಜಿಯೊಬ್ಬರು ಕಿಟಕಿಯಿಂದ ಅದನ್ನು ನೋಡಿದರು. ಸಂಜೆ ಬಂದು ‘ಯಾಕವ್ವಾ, ದೇವರ ಕೆಲಸಕ್ಕೆ ಎಡಗೈ?’ ಎಂದು ಕೇಳಿಯೇಬಿಟ್ಟರು. ಒಳ್ಳೆಯ ಪ್ರಶ್ನೆ. ಇವತ್ತಿನ ಮಾತನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.

ಶಿಲುಬೆಯ ಗುರುತು ಹಾಕುವುದು ಬಲಗೈಯಿಂದ. ಹಣೆ, ಎದೆ, ಎಡ ಭುಜ, ಬಲ ಭುಜ. ‘ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ’ ಎಂದು ಹೇಳುತ್ತಾ ಮುಟ್ಟುತ್ತೇವೆ. ಆದರೆ ಮಕ್ಕಳ ಎದುರು ನಿಂತು ನಾನು ಬಲಗೈ ಎತ್ತಿದರೆ ನಾಲ್ಕು ವರ್ಷದ ಮಗು ಎಡಗೈ ಎತ್ತುತ್ತದೆ. ಅದು ನನ್ನನ್ನು ಕನ್ನಡಿಯ ಹಾಗೆ ನೋಡುತ್ತದೆ. ಹಾಗಾಗಿ ನಾನೇ ಕನ್ನಡಿಯಾಗುತ್ತೇನೆ. ನಾನು ಎಡಗೈ ಎತ್ತುತ್ತೇನೆ, ಮೂವತ್ತು ಪುಟ್ಟ ಬಲಗೈಗಳು ಮೇಲೆ ಹೋಗುತ್ತವೆ. ‘ಊಟದ ಕೈ ಎಲ್ಲಿ?’ ಎಂದು ಕೇಳುತ್ತೇನೆ. ಬಲಗೈ ಅನ್ನುವ ಶಬ್ದ ಗೊತ್ತಿಲ್ಲದ ಮಗುವಿಗೂ ಊಟದ ಕೈ ಗೊತ್ತು. ಆದರೂ ಭುಜದ ಹತ್ತಿರ ಬಂದಾಗ ಅರ್ಧ ಮಕ್ಕಳ ಕೈ ತಡವರಿಸುತ್ತದೆ. ಎಡವೋ ಬಲವೋ? ಈ ತಡವರಿಕೆ ಹೋಗಲು ಗಣೇಶ ಚೌತಿ ಬರಬೇಕು.

ಈಗ ಇನ್ನೊಂದು ವಿಷಯ. ಎಡದಿಂದ ಬಲಕ್ಕೆ ಹೋಗುವುದನ್ನು ಮಗುವಿನ ಮೈ ಕಲಿಯುವ ಸಮಯ ಇದೇ. ಓದುವಾಗ ಕಣ್ಣು ಹೋಗಬೇಕಾದ ದಾರಿಯೂ ಅದೇ. ಇಂಗ್ಲಿಷಿನ ಸಣ್ಣ ‘ಬಿ’ ಮತ್ತು ‘ಡಿ’ ನೋಡಿ. ಒಂದೇ ಆಕಾರ, ಹೊಟ್ಟೆ ಮಾತ್ರ ಒಂದಕ್ಕೆ ಬಲಕ್ಕೆ, ಇನ್ನೊಂದಕ್ಕೆ ಎಡಕ್ಕೆ. ಎಡ–ಬಲ ಮೈಯಲ್ಲಿ ಕೂರದ ಮಗುವಿಗೆ ಅವೆರಡೂ ಒಂದೇ. ‘ಮಿಸ್, ಪ್ರಾರ್ಥನೆ ಎಲ್ಲ ಸರಿ, ಓದು ಯಾವಾಗ ಶುರು ಮಾಡ್ತೀರಿ?’ ಎಂದು ನೀವು ಜುಲೈನಲ್ಲಿ ಕೇಳುತ್ತೀರಿ, ಅಲ್ವಾ? ಓದು ಆಗಲೇ ಶುರುವಾಗಿದೆ. ಈ ವಯಸ್ಸಿನಲ್ಲಿ ಧರ್ಮವನ್ನೂ ಓದನ್ನೂ ಮಗು ಒಂದೇ ದಾರಿಯಲ್ಲಿ ಕಲಿಯುತ್ತದೆ. ಮೊದಲು ಕೈ, ಕಿವಿ, ಬಾಯಿ. ಪುಸ್ತಕ ಆಮೇಲೆ. ನಾನು ಇವತ್ತು ಹೇಳಬೇಕು ಅಂದುಕೊಂಡಿದ್ದು ಇಷ್ಟೇ. ಉಳಿದದ್ದು ಉದಾಹರಣೆ.

ನಮ್ಮ ಊರುಗಳಲ್ಲಿ ‘ಮಿಷನ್ ಶಾಲೆ’ ಅಂದರೆ ಎಲ್ಲವೂ ಒಂದೇ ಅನ್ನುವ ಭಾವನೆ ಇದೆ. ಹಾಗಲ್ಲ. 1837ರಲ್ಲಿ ಧಾರವಾಡಕ್ಕೆ, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟೆಂಟರದು. ನಮ್ಮದು ಕಥೋಲಿಕ ಶಾಲೆ. ಈ ಕಡೆಯ ಕಥೋಲಿಕ ಚರ್ಚುಗಳು 1953ರಲ್ಲಿ ಆದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ, ಅಂದರೆ ಅಲ್ಲಿನ ಬಿಷಪ್ಪರ ಆಡಳಿತಕ್ಕೆ, ಸೇರುತ್ತವೆ. ಹೆಸರು ಕಥೋಲಿಕ ಶಾಲೆ, ಆದರೆ ನನ್ನ ಕೋಣೆಯಲ್ಲಿ ಕಥೋಲಿಕ ಮಕ್ಕಳು ಬೆರಳೆಣಿಕೆಯಷ್ಟು. ಉಳಿದವರು ಲಿಂಗಾಯತರ, ಮುಸ್ಲಿಮರ, ಮರಾಠರ, ಕುರುಬರ, ಜೈನರ ಮನೆಯವರು. ಮನೆಮಾತು ನಾಲ್ಕೈದು.

ಹಾಗಾದರೆ ಧರ್ಮ ಯಾರಿಗೆ ಕಲಿಸುತ್ತೀರಿ ಎಂಬ ಪ್ರಶ್ನೆ ಏಳಲೇಬೇಕು. ನಾನು ಅದನ್ನು ಮುಚ್ಚಿಡುವುದಿಲ್ಲ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮದೇ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ಅದೇ ಸಂವಿಧಾನದ 28ನೇ ವಿಧಿ ಇನ್ನೊಂದು ಮಾತನ್ನೂ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಧರ್ಮಬೋಧನೆಗಾಗಲಿ, ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ನಮ್ಮಲ್ಲಿ ಧರ್ಮೋಪದೇಶದ ತರಗತಿ ಕಥೋಲಿಕ ಮಕ್ಕಳಿಗೆ ಮಾತ್ರ. ಉಳಿದವರಿಗೆ ಅದೇ ಹೊತ್ತಿಗೆ ನೀತಿಪಾಠ. ಬೆಳಗಿನ ಪ್ರಾರ್ಥನೆಗೆ ಎಲ್ಲರೂ ನಿಲ್ಲುತ್ತಾರೆ. ಶಿಲುಬೆಯ ಗುರುತು ಬೇಡ ಅನ್ನುವವರು ಪ್ರವೇಶದ ದಿನವೇ ಹೇಳಬಹುದು. ಅವರ ಮಗು ಕೈ ಮುಗಿದು ನಿಂತರೆ ಸಾಕು. ಇದನ್ನು ಕೇಳಲು ಸಂಕೋಚ ಪಡಬೇಡಿ. ಕೇಳುವುದು ನಿಮ್ಮ ಹಕ್ಕು. ಆದರೆ ಮೂವತ್ತು ಮಕ್ಕಳು ಹಾಕುವಾಗ ನಾಲ್ಕು ವರ್ಷದ ಮಗುವಿನ ಕೈ ತಾನಾಗಿಯೇ ಎದ್ದರೆ ನಾನು ಅದರ ಕೈ ಹಿಡಿದು ಇಳಿಸುವುದಿಲ್ಲ. ನಿಮಗೆ ತಿಳಿಸುತ್ತೇನೆ.

ಇಷ್ಟು ಚಿಕ್ಕ ಮಕ್ಕಳಿಗೆ ಕಲಿಸುವ ಧರ್ಮ ಅಂದರೆ ಏನು? ಪ್ರಶ್ನೋತ್ತರ ಬಾಯಿಪಾಠ ಅಲ್ಲ. ತಿಳುವಳಿಕೆ ಬರುವುದು ಏಳು ವರ್ಷಕ್ಕೆ ಎಂದು ಚರ್ಚಿನ ಕಾನೂನೇ ಹೇಳುತ್ತದೆ. 1910ರಲ್ಲಿ ಪೋಪ್ ಹತ್ತನೇ ಪಯಸ್ ಅವರು ಮಕ್ಕಳಿಗೆ ಪ್ರಥಮ ಪರಮಪ್ರಸಾದ, ಅಂದರೆ ಚರ್ಚಿನ ಪೂಜೆಯಲ್ಲಿ ಹಂಚುವ ಪವಿತ್ರ ರೊಟ್ಟಿಯನ್ನು ಮೊದಲ ಸಲ, ಕೊಡಲು ಏಳರ ಆಸುಪಾಸಿನ ವಯಸ್ಸು ಸಾಕು ಅಂದರು. ಅದಕ್ಕಿಂತ ಮೊದಲು ಮಕ್ಕಳನ್ನು ಹೆಚ್ಚು ವರ್ಷ ಕಾಯಿಸುತ್ತಿದ್ದರು. ನಮ್ಮ ಮಕ್ಕಳು ಇನ್ನೂ ಆ ಏಳಕ್ಕೂ ಈಚೆ ಇದ್ದಾರೆ. ಹಾಗಾಗಿ ಅವರಿಗೆ ಪಾಪದ ಲೆಕ್ಕ ಇಲ್ಲ, ನರಕದ ಹೆದರಿಕೆ ಇಲ್ಲ. ನನ್ನನ್ನು ದೇವರು ಮಾಡಿದ. ಪಕ್ಕದವನನ್ನೂ ಮಾಡಿದ, ಹಾಗಾಗಿ ಅವನನ್ನು ಕಚ್ಚಬಾರದು. ಊಟಕ್ಕೆ ಮೊದಲು ವಂದನೆ ಹೇಳಬೇಕು. ತಪ್ಪಾದರೆ ‘ತಪ್ಪಾಯ್ತು’ ಅನ್ನಬೇಕು. ಕಾವಲುದೂತನಿಗೆ ಒಂದು ಪುಟ್ಟ ಪ್ರಾರ್ಥನೆ. ಮರಿಯ ಮಾತೆಗೆ ‘ನಮೋ ಮರಿಯ’. ಕ್ರಿಸ್‌ಮಸ್ಸಿಗೆ ಕಾಯುವ ಆಗಮನ ಕಾಲದಲ್ಲಿ ವಾರಕ್ಕೊಂದರಂತೆ ನಾಲ್ಕು ಮೇಣದಬತ್ತಿ. ಮೂರು ನೇರಳೆ, ಒಂದು ಗುಲಾಬಿ. ಕಾರ್ತಿಕದ ದೀಪ ನೋಡಿ ಬಂದ ಮಕ್ಕಳಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

ಇದೆಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ಕಥೆ. ಒಂದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಯೇಸು ಹೇಳಿದ ಕಥೆ, ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿದೆ. ಒಬ್ಬನಿಗೆ ನೂರು ಕುರಿ. ಒಂದು ಕಳೆದುಹೋಗುತ್ತದೆ. ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕಿಕೊಂಡು ಹೋಗುತ್ತಾನೆ. ಸಿಕ್ಕಾಗ ಹೆಗಲ ಮೇಲೆ ಹೊತ್ತು ತರುತ್ತಾನೆ. 1954ರಿಂದ ರೋಮಿನಲ್ಲಿ ಸೋಫಿಯಾ ಕವಲೆತ್ತಿ ಎಂಬ ಬೈಬಲ್ ವಿದ್ವಾಂಸರು ಮಕ್ಕಳು ಕೈಯಾರೆ ಮುಟ್ಟಿ ಕಲಿಯುವ ಮಾಂಟೆಸೊರಿ ಕ್ರಮ ಬಲ್ಲ ಗೆಳತಿಯೊಡನೆ ಚಿಕ್ಕ ಮಕ್ಕಳಿಗೆ ಧರ್ಮ ಕಲಿಸುವ ಒಂದು ರೀತಿಯನ್ನು ಕಟ್ಟಿದರು. ಅದರಲ್ಲಿ ಒಳ್ಳೆಯ ಕುರಿಗಾಹಿಯೇ ನಡುವಿನ ಕಂಬ. ಕುರಿಗಾಹಿಯದೂ ಕುರಿಗಳದೂ ಪುಟ್ಟ ಗೊಂಬೆ ಮಾಡಿ ಮಕ್ಕಳ ಕೈಗೆ ಕೊಡುತ್ತಾರೆ. ನಾನೂ ಹಾಗೇ ಮಾಡಿದೆ. ಬಡಗಿಯಿಂದ ಹತ್ತು ಮರದ ಕುರಿ ಮಾಡಿಸಿದೆ. ಕುರಿಗಾಹಿಗೆ ಹಳೆಯ ಕಂಬಳಿಯ ತುಂಡು ಹೊದಿಸಿದೆ. ಇಲ್ಲಿಂದ ಹಾವೇರಿ ಕಡೆ ಹೋಗುವಾಗ ಹೆದ್ದಾರಿ ದಾಟುವ ಹಿಂಡನ್ನು ನಮ್ಮ ಮಕ್ಕಳು ನೋಡಿರುತ್ತಾರೆ. ಕಂಬಳಿ ಇಲ್ಲದ ಕುರಿಗಾಹಿಯನ್ನು ಅವರು ನಂಬುವುದಿಲ್ಲ.

ಕಥೆ ಮುಗಿಸಿ ನಾನು ಸುಮ್ಮನೆ ಕೂತೆ. ಎಲ್ಲರೂ ಹೆಗಲ ಮೇಲಿನ ಕುರಿ ನೋಡುತ್ತಿದ್ದರು. ಒಬ್ಬ ಹುಡುಗ ಮಾತ್ರ ಹಿಂದೆ ಉಳಿದ ಒಂಬತ್ತು ಕುರಿಗಳನ್ನು ನೋಡುತ್ತಿದ್ದ. ಅವನ ಅಜ್ಜ ಕುರಿ ಕಾಯುವವರು. ‘ಇವನ್ನ ಯಾರು ನೋಡ್ಕೊಂತಾರ?’ ಎಂದು ಕೇಳಿದ. ನಾನು ಎಷ್ಟೋ ವರ್ಷ ಈ ಕಥೆ ಹೇಳಿದ್ದೆ, ಆ ಕಡೆ ನೋಡಿರಲಿಲ್ಲ. ‘ನೀನೇ ಹೇಳಪ್ಪ’ ಅಂದೆ. ಅವನು ಎದ್ದು ಹೋಗಿ ಆಟಿಕೆ ಡಬ್ಬಿಯಿಂದ ಒಂದು ಪ್ಲಾಸ್ಟಿಕ್ ನಾಯಿ ತಂದು ಒಂಬತ್ತು ಕುರಿಗಳ ಪಕ್ಕ ನಿಲ್ಲಿಸಿದ. ‘ಈಗ ಹೋಗ್ಲಿ’ ಅಂದ. ಅವತ್ತಿನಿಂದ ನಮ್ಮ ಕೋಣೆಯ ಕಥೆಯಲ್ಲಿ ನಾಯಿ ಇದೆ.

ಇದನ್ನು ಯಾಕೆ ಹೇಳಿದೆ ಅಂದರೆ, ಆ ಹುಡುಗ ಮಾಡಿದ್ದು ಓದುವವರ ಕೆಲಸ. ಬರೆಯದೆ ಬಿಟ್ಟದ್ದನ್ನು ಗಮನಿಸುವುದು, ಪ್ರಶ್ನೆ ಹಾಕುವುದು, ತನಗೆ ಗೊತ್ತಿದ್ದುದನ್ನು ಕಥೆಯ ಪಕ್ಕ ಇಟ್ಟು ನೋಡುವುದು. ಅವನಿಗೆ ಆಗ ಒಂದು ಅಕ್ಷರವೂ ಬರುತ್ತಿರಲಿಲ್ಲ.

ಮಾತು ಅರ್ಥವಾಗದೆ ಬರೀ ಬಾಯಲ್ಲಿ ಬಂದರೆ ಇದು ಆಗುವುದಿಲ್ಲ. ನಮ್ಮಲ್ಲಿ ಹಲವು ಪ್ರಾರ್ಥನೆಗಳು ಇಂಗ್ಲಿಷಿನಲ್ಲಿವೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ‘ನಮ್ಮ ದಿನದ ಆಹಾರ ಕೊಡು’ ಎಂಬ ಮಾತಿದೆ. ಇಂಗ್ಲಿಷಿನಲ್ಲಿ ಅದು ‘ಬ್ರೆಡ್’. ಒಮ್ಮೆ ಯುಕೆಜಿ ಹುಡುಗಿಯೊಬ್ಬಳು ಬಹಳ ಬೇಸರದಿಂದ ಕೇಳಿದಳು. ‘ಟೀಚರ್, ದಿನಾ ಬ್ರೆಡ್ ಯಾಕೆ ಕೇಳೋದು? ದಿನಾ ಜ್ವರ ಬರಬೇಕಾ?’ ಅವಳ ಮನೆಯಲ್ಲಿ ಬ್ರೆಡ್ ತರುವುದು ಜ್ವರ ಬಂದಾಗ, ಹಾಲಿಗೆ ಅದ್ದಿ ಕೊಡಲು. ದಿನದ ಊಟ ಅಂದರೆ ಜೋಳದ ರೊಟ್ಟಿ. ಅವಳು ಒಂದು ವರ್ಷ ದೇವರ ಹತ್ತಿರ ಜ್ವರ ಬೇಡಿದ್ದಳು ಅಂತ ನನಗೆ ಆಗ ಗೊತ್ತಾಯಿತು. ಮರುದಿನದಿಂದ ನಾವು ಆ ಸಾಲಿಗೆ ಬಂದಾಗ ಕೈಯಲ್ಲಿ ರೊಟ್ಟಿ ಬಡಿಯುವ ಹಾಗೆ ಮಾಡುತ್ತೇವೆ.

ಕನ್ನಡದಲ್ಲಿ ಹೇಳಿದರೆ ಎಲ್ಲ ತಾನಾಗಿ ತಿಳಿಯುತ್ತದೆ ಅಂತಲೂ ಇಲ್ಲ. ‘ನಮ್ಮ ತಂದೆಯೇ’ ಅನ್ನುತ್ತೇವೆ. ನಮ್ಮ ಮಕ್ಕಳಿಗೆ ಅಪ್ಪ ಗೊತ್ತು. ‘ತಂದಿ’ ಅಂದರೆ ಪೇಟೆಯಿಂದ ಬಂದವರನ್ನು ಕೇಳುವ ಮಾತು, ‘ಏನ್ ತಂದಿ?’ ಪ್ರಾರ್ಥನೆ ಮುಗಿದ ಮೇಲೆ ಒಬ್ಬಳು ನನ್ನ ಸೀರೆ ಜಗ್ಗಿ, ‘ದೇವರು ಏನು ತಂದಾನ?’ ಎಂದಳು. ಅವಳಿಗೆ ‘ತಂದೆ ಅಂದ್ರೆ ಅಪ್ಪ’ ಅಂದೆ. ‘ಹಂಗಾರ ಅಪ್ಪ ಅನ್ರಿ’ ಅಂದಳು. ಯೇಸು ಆಡಿದ ಅರಮಾಯಿಕ್ ಮಾತಿನಲ್ಲಿ ತಂದೆಗೆ ‘ಅಬ್ಬಾ’ ಎನ್ನುತ್ತಾರೆ. ಅದು ಮನೆಯೊಳಗೂ ಮಗನ ಬಾಯಲ್ಲಿ ಬರುತ್ತಿದ್ದ ಶಬ್ದ. ಅವಳು ಕೇಳಿದ್ದು ಸರಿಯಾಗಿಯೇ ಇತ್ತು.

ಈಗ ಅಕ್ಷರಕ್ಕೆ ಬರುತ್ತೇನೆ.

ಮೊದಲು ನನ್ನದೊಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿ ಎರಡನೇ ವರ್ಷ. ಗೋಡೆಯ ಮೇಲೆ ಊಟದ ಪ್ರಾರ್ಥನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದ್ದೆ. ‘ದೇವರೇ, ಈ ಊಟಕ್ಕಾಗಿ ವಂದನೆ.’ ಒಬ್ಬ ಹುಡುಗ ಅದರ ಕೆಳಗೆ ಬೆರಳು ಆಡಿಸುತ್ತಾ ಜೋರಾಗಿ ಹೇಳುತ್ತಿದ್ದ. ‘ಟೀಚರ್, ನಾ ಓದಾಕತ್ತೀನಿ’ ಅಂದ. ನಾನು, ‘ಇದು ಓದಲ್ಲ, ಬಾಯಿಪಾಠ’ ಅಂದುಬಿಟ್ಟೆ. ಅವನು ಬೆರಳು ತೆಗೆದ. ಆ ವರ್ಷ ಪೂರ್ತಿ ಮತ್ತೆ ಆ ಗೋಡೆಯ ಹತ್ತಿರ ಹೋಗಲಿಲ್ಲ. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ.

ಯಾಕೆಂದರೆ ಅದು ಓದಿನ ಮೊದಲ ಮೆಟ್ಟಿಲು. ಬಾಯಿಗೆ ಬರುವ ಸಾಲು, ಕಣ್ಣ ಮುಂದೆ ಅದೇ ಸಾಲು, ನಡುವೆ ಬೆರಳು. ಮೊದಮೊದಲು ಬೆರಳು ಓಡಿಬಿಡುತ್ತದೆ. ಬಾಯಿ ‘ಊಟಕ್ಕಾಗಿ’ ಅನ್ನುವಷ್ಟರಲ್ಲಿ ಬೆರಳು ‘ವಂದನೆ’ಯನ್ನೂ ದಾಟಿ ಗೋಡೆಯ ಸುಣ್ಣದ ಮೇಲಿರುತ್ತದೆ. ಒಂದು ದಿನ ಮಗು ಅಲ್ಲಿ ನಿಲ್ಲುತ್ತದೆ. ಮಾತು ಉಳಿದಿದೆ, ಅಕ್ಷರ ಮುಗಿದಿದೆ. ಏನೋ ತಪ್ಪಿತು ಅನ್ನಿಸುತ್ತದೆ. ಬೆರಳನ್ನು ಹಿಂದಕ್ಕೆ ತಂದು ಮತ್ತೆ ಶುರು ಮಾಡುತ್ತದೆ. ಆ ನಿಲ್ಲುವ ಗಳಿಗೆಗೆ ನಾನು ಈಗ ವರ್ಷವಿಡೀ ಕಾಯುತ್ತೇನೆ. ಬಾಯಿಪಾಠವಾದ ಪ್ರಾರ್ಥನೆ, ಶಿಶುಗೀತೆ, ನಿಮ್ಮ ಮನೆಯಲ್ಲಿ ಹೇಳುವ ವಚನ, ಇವೆಲ್ಲ ಈ ಕೆಲಸಕ್ಕೆ ಬರುತ್ತವೆ.

ಇನ್ನು ಇಂಗ್ಲಿಷ್ ಓದು. ಈಗ ಎಲ್ಲ ಕಡೆ ಫೋನಿಕ್ಸ್ ಮಾತು. ಅಕ್ಷರದ ಹೆಸರಲ್ಲ, ಅದರ ಸದ್ದು ಕಲಿಸುವುದು. ಎ, ಬಿ, ಸಿ, ಡಿ ಎಂಬ ಕ್ರಮ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಈ ಆರರಿಂದ ಶುರು ಮಾಡುವುದು ರೂಢಿ. ಈ ಆರರಲ್ಲೇ ಪಿನ್, ಟಿನ್, ಟ್ಯಾಪ್, ಸಿಟ್ ಎಷ್ಟೋ ಶಬ್ದ ಆಗುತ್ತವೆ. ಒಳ್ಳೆಯ ಕ್ರಮ. ಆದರೆ ಕನ್ನಡದ ಕಿವಿಗೆ ಇಲ್ಲೊಂದು ಎಡವಟ್ಟು ಕಾದಿದೆ. ನಮ್ಮ ಅಕ್ಷರ ಅಂದರೆ ವ್ಯಂಜನ ಮತ್ತು ಸ್ವರ ಕೂಡಿದ್ದು. ‘ಟ್’ ಅಂತ ಬರೀ ಸದ್ದನ್ನು ನಾವು ನಿಲ್ಲಿಸುವುದಿಲ್ಲ, ‘ಟ’ ಅನ್ನುತ್ತೇವೆ. ಶಬ್ದದ ಕೊನೆಗೂ ನಮಗೆ ಒಂದು ಸ್ವರ ಬೇಕು. ಬಸ್ ಬಸ್ಸಾಗುತ್ತದೆ, ಪೆನ್ ಪೆನ್ನಾಗುತ್ತದೆ, ಕಾರ್ ಕಾರಾಗುತ್ತದೆ, ಅಂದರೆ ಬಸ್ಸು, ಪೆನ್ನು, ಕಾರು. ಹಾಗಾಗಿ ಮನೆಯಲ್ಲಿ ನೀವು ‘ಪ, ಇ, ನ’ ಅಂತ ಹೇಳಿಕೊಟ್ಟು ‘ಸೇರಿಸು’ ಅಂದರೆ ಮಗು ‘ಪಇನ’ ಅನ್ನುತ್ತದೆ. ಅದು ದಡ್ಡತನ ಅಲ್ಲ, ಒಳ್ಳೆಯ ಕನ್ನಡ ಕಿವಿ. ಸದ್ದನ್ನು ಚಿಕ್ಕದಾಗಿ ಕತ್ತರಿಸಿ ಹೇಳಿ. ‘ಪ್’ ಅನ್ನುವಾಗ ಗಂಟಲಲ್ಲಿ ದನಿ ಬರಬಾರದು, ತುಟಿ ಮಾತ್ರ ಒಡೆಯಬೇಕು. ಅಂಗೈಯನ್ನು ಬಾಯಿಯ ಮುಂದೆ ಇಟ್ಟು ಗಾಳಿ ತಾಗುವುದನ್ನು ಮಗುವಿಗೆ ತೋರಿಸಿ.

ಕನ್ನಡ ಓದಿನ ದಾರಿ ಬೇರೆ. ಅಲ್ಲಿ ಸದ್ದಿಗೂ ಅಕ್ಷರಕ್ಕೂ ಜಗಳ ಇಲ್ಲ, ಆದರೆ ಆಕಾರಗಳು ಜಾಸ್ತಿ. ವರ್ಣಮಾಲೆಯೇ 49. ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಓದನ್ನು ಹತ್ತಿರದಿಂದ ಅಭ್ಯಾಸ ಮಾಡಿದ್ದಾರೆ. ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಪ್ರಾಥಮಿಕ ಶಾಲೆಯ ಹಲವು ವರ್ಷ ಹಿಡಿಯುತ್ತದೆ ಎಂದು ಅವರ ಅಧ್ಯಯನ ತೋರಿಸಿದೆ. ಯುಕೆಜಿಯಲ್ಲೇ ಕಾಗುಣಿತ ಮುಗಿಸಿ ಅನ್ನುವವರು ಇದನ್ನು ನೆನಪಿಡಬೇಕು.

ನಾನು ಸರ್ಕಾರಿ ಶಾಲೆಗಳ ನಲಿಕಲಿಯ ಕ್ರಮವನ್ನು ಎರವಲು ಪಡೆದಿದ್ದೇನೆ. ಅ, ಆ ಅಂತ ಶುರು ಮಾಡದೆ ರ, ಗ, ಸ, ದ, ಅ ಇಂದ ಶುರು. ಬರೆಯಲು ಸುಲಭ, ಕೂಡಲೇ ಶಬ್ದ ಹುಟ್ಟುತ್ತದೆ. ಸರ, ಅರಸ, ಅಗಸ, ಗರಗಸ. ಗರಗಸ ಅನ್ನುವಾಗ ಕೈ ಹಿಂದೆ ಮುಂದೆ ಆಡಿಸುವುದು ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟ. ಈ ಐದು ಅಕ್ಷರದಲ್ಲಿ ನಮ್ಮ ಪಕ್ಕದ ಒಂದು ಊರೇ ಇದೆ ನೋಡಿ. ಗದಗ. ಹುಬ್ಬಳ್ಳಿ ಓದಲು ಎರಡು ಒತ್ತು ಬೇಕು. ಧಾರವಾಡಕ್ಕೆ ಮಹಾಪ್ರಾಣ ಬೇಕು, ಅದನ್ನು ನಾವೇ ಬಾಯಲ್ಲಿ ‘ದಾರವಾಡ’ ಮಾಡಿಕೊಂಡಿದ್ದೇವೆ. ಹಾವೇರಿಗೆ ದೀರ್ಘ ಬೇಕು. ಗದಗಕ್ಕೆ ಎರಡೇ ಅಕ್ಷರ ಸಾಕು. ಮೂರು ಕಾರ್ಡು ಕೊಟ್ಟು ಜೋಡಿಸಲು ಬಿಟ್ಟಿದ್ದೆ. ಒಬ್ಬಳು ಮೇಜಿನ ಆ ಬದಿಗೆ ಹೋಗಿ ಹಿಂದಿನಿಂದ ಕಾರ್ಡು ಮುಟ್ಟುತ್ತಾ ಬಂದಳು. ‘ಟೀಚರ್, ಹಿಂದ್ಲಿಂದನೂ ಗದಗ!’ ಅಷ್ಟು ಸಾಕಾಯಿತು. ಆ ದಿನ ಮೂವತ್ತು ಮಕ್ಕಳೂ ಆ ಬದಿಯಿಂದ ಈ ಬದಿಗೆ ಓಡಿದರು. ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಮೇಲೆ ಬರೆದ ಹೆಸರು ಯುಕೆಜಿಯಲ್ಲಿ ನಮ್ಮ ಎರಡನೇ ಹಬ್ಬ. ಚಿ, ಗ, ರಿ. ಗುಡಿಸು ಎರಡು, ಒತ್ತು ಇಲ್ಲ.

ಉಸುಕಿನ ಕಾಗದದ ಅಕ್ಷರಗಳೂ ನಮ್ಮಲ್ಲಿವೆ. ಮಾರಿಯಾ ಮಾಂಟೆಸೊರಿ 1907ರಲ್ಲಿ ರೋಮಿನ ಬಡವರ ಕೇರಿಯಲ್ಲಿ ಮಕ್ಕಳ ಮನೆ ತೆರೆದವರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಯುದ್ಧ ಮುಗಿಯುವ ತನಕ ಭಾರತದಲ್ಲೇ ಉಳಿದರು. ಒರಟು ಅಕ್ಷರದ ಮೇಲೆ ಎರಡು ಬೆರಳು ಆಡಿಸುವುದು ಅವರು ತಂದ ಕ್ರಮ. ಮ ಮತ್ತು ವ ಕಣ್ಣಿಗೆ ಒಂದೇ ಥರ ಕಾಣುತ್ತವೆ. ‘ಮ’ದ ಬಾಲ ಎಲ್ಲಿ ಮೇಲಕ್ಕೆ ತಿರುಗುತ್ತದೆ ಅನ್ನುವುದು ಬೆರಳಿಗೆ ಬೇಗ ಗೊತ್ತಾಗುತ್ತದೆ.

ಒಂದು ನೋವಿನ ಮಾತು ಹೇಳಿಯೇ ಮುಂದೆ ಹೋಗುತ್ತೇನೆ. ನನ್ನ ತಂಗಿಯ ಮಗ ಬೇರೆ ಊರಿನ ಒಂದು ಶಾಲೆಯಲ್ಲಿ ಯುಕೆಜಿಯಲ್ಲಿದ್ದ. ಪ್ರಾರ್ಥನೆಯ ಹೊತ್ತಲ್ಲಿ ಮಾತಾಡಿದ ಅಂತ ‘ದೇವರೇ ನಿನಗೆ ವಂದನೆ’ ಎಂದು ಇಂಗ್ಲಿಷಿನಲ್ಲಿ ಇಪ್ಪತ್ತು ಸಲ ಬರೆಸಿದರು. ಐದು ವರ್ಷದ ಮಗು. ಬರೆಯುತ್ತಾ ಅತ್ತ. ಒಂದೇ ಏಟಿಗೆ ವಂದನೆಯೂ ಶಿಕ್ಷೆಯಾಯಿತು, ಬರವಣಿಗೆಯೂ ಶಿಕ್ಷೆಯಾಯಿತು. ಯಾವ ಶಾಲೆಯೇ ಆಗಲಿ, ನಮ್ಮದೇ ಆಗಲಿ, ಇಂಥದ್ದು ನಡೆದರೆ ದಯವಿಟ್ಟು ಸುಮ್ಮನಿರಬೇಡಿ. ಮರುದಿನವೇ ಬಂದು ಮಾತಾಡಿ.

ಇನ್ನು ಪ್ರಶ್ನೆಗಳು. ಒಬ್ಬ ತಂದೆ ಕೇಳಿದರು: ‘ಮನೆಯಲ್ಲಿ ನಾವು ಇಷ್ಟಲಿಂಗ ಪೂಜೆ ಮಾಡ್ತೀವಿ, ಶಾಲೆಯಲ್ಲಿ ಯೇಸುವಿನ ಕಥೆ. ಮಗುವಿಗೆ ಗೊಂದಲ ಆಗಲ್ವಾ?’

ನನ್ನ ಅನುಭವದಲ್ಲಿ ಆಗಿಲ್ಲ. ಮನೆಯಲ್ಲಿ ಉರ್ದು, ಆಟದಲ್ಲಿ ಕನ್ನಡ, ನನ್ನ ಹತ್ತಿರ ಇಂಗ್ಲಿಷ್ ಮಾತಾಡುವ ಮಗು ಯಾರ ಹತ್ತಿರ ಯಾವುದು ಎಂದು ಯಾವತ್ತೂ ಮರೆಯುವುದಿಲ್ಲ. ಇದೂ ಹಾಗೆ. ಗೊಂದಲ ಆಗುವುದು ದೊಡ್ಡವರು ಒಬ್ಬರನ್ನೊಬ್ಬರು ಹೀಗಳೆದಾಗ. ‘ನಿಮ್ಮ ಮನೆಯಲ್ಲಿ ಹೇಗೆ ಪ್ರಾರ್ಥಿಸ್ತೀರಿ, ತೋರಿಸು’ ಎಂದು ನಾನು ಕೇಳುತ್ತೇನೆ. ಒಬ್ಬ ಕೈ ಮುಗಿಯುತ್ತಾನೆ, ಒಬ್ಬಳು ಅಂಗೈ ಬಿಡಿಸುತ್ತಾಳೆ, ಒಬ್ಬ ಹಣೆಗೆ ವಿಭೂತಿ ಹಚ್ಚುವ ಹಾಗೆ ಮೂರು ಬೆರಳು ಎಳೆಯುತ್ತಾನೆ. ಎಲ್ಲರೂ ಎಲ್ಲರದನ್ನೂ ನೋಡುತ್ತಾರೆ.

ಇನ್ನೊಬ್ಬ ತಾಯಿ ಕೇಳಿದರು: ‘ನಾನು ಹೆಚ್ಚು ಓದಿಲ್ಲ. ಮನೆಯಲ್ಲಿ ಏನು ಮಾಡಲಿ?’

ರಾತ್ರಿ ಒಂದು ಕಥೆ ಹೇಳಿ, ನಿಮ್ಮ ಮಾತಿನಲ್ಲಿ. ಅವ್ವ ಅಂತಲೇ ಹೇಳಿ, ಪುಸ್ತಕದ ಅಮ್ಮ ಬೇಡ. ನಡುವೆ ನಿಲ್ಲಿಸಿ ‘ಮುಂದೆ ಏನಾತು?’ ಎಂದು ಕೇಳಿ. ಬಸ್ಸಿನಲ್ಲಿ ಬೋರ್ಡು ತೋರಿಸಿ. ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಒಂದು ‘ರ’ ಬರೆಯಲು ಬಿಡಿ. ನೀವು ಓದಲು ಕಷ್ಟಪಡುವುದನ್ನು ಮಗು ನೋಡಿದರೂ ಪರವಾಗಿಲ್ಲ. ಜೊತೆಗೆ ಕೂತು ಬೆರಳು ಇಟ್ಟರೆ ಸಾಕು.

ಕೊನೆಗೆ ಒಂದು ಕೆಲಸ ಇದೆ, ಅದನ್ನು ಹೇಳಿ ಮುಗಿಸುತ್ತೇನೆ. ಕ್ರಿಸ್‌ಮಸ್ಸಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುತ್ತೇವೆ. ಅದರ ಸುತ್ತ ಹಸಿರು ಬೇಕು. ನವರಾತ್ರಿಯಲ್ಲಿ ನಿಮ್ಮ ಮನೆಗಳಲ್ಲಿ ಘಟದ ಸಸಿ ಹಾಕುತ್ತೀರಲ್ಲ, ಹಾಗೇ ಡಿಸೆಂಬರ್ ಎರಡನೇ ವಾರ ಮಕ್ಕಳು ತಟ್ಟೆಯಲ್ಲಿ ಮಣ್ಣು ಹಾಕಿ ಗೋಧಿ ಬಿತ್ತುತ್ತಾರೆ. ಇಷ್ಟ ಇದ್ದವರು ಒಂದು ಹಿಡಿ ಗೋಧಿ ಕಟ್ಟಿ ಕಳಿಸಿ. ಜೊತೆಗೆ ಒಂದು ಚೀಟಿಯಲ್ಲಿ ಹೆಸರು ಇರಲಿ. ಆ ಹೆಸರನ್ನು ಮಗುವೇ ಬರೆಯಲಿ. ಅಕ್ಷರ ಉಲ್ಟಾ ಇದ್ದರೂ, ಒತ್ತು ಬಿಟ್ಟುಹೋಗಿದ್ದರೂ ತಿದ್ದಬೇಡಿ. ಬರೆದ ಹಾಗೆಯೇ ತಟ್ಟೆಯ ಮಣ್ಣಿನಲ್ಲಿ ಆ ಚೀಟಿಯನ್ನು ಸಿಕ್ಕಿಸುತ್ತೇನೆ.